ತೌಡಿನ ನೀರು

ತಂಗಿಯ ಚೀಲಗಳು ಸಾಯಲಿ ಎಂದು ಅಕ್ಕ ಒಂದು ದಿನವೂ ಬಯಸಲಿಲ್ಲ. ಅವು ಮೈತುಂಬಿಕೊಳ್ಳಲಿ ಎಂದಷ್ಟೇ ಬಯಸಿದಳು. ಅವುಗಳ ಮಟ್ಟಿಗೆ ಸಾಯುವುದಕ್ಕಿಂತ ಅದೇ ಕೆಟ್ಟದ್ದು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಆ ಚೀಲಗಳಿದ್ದದ್ದು ಅಕ್ಕನ ಅಣಬೆ ಶೆಡ್ಡಿನ ಹಿಂದಿನ ಮೂಲೆಯಲ್ಲಿ, ಪರದೆಯ ಆಚೆ, ಒಂದು ಕಬ್ಬಿಣದ ಸ್ಟ್ಯಾಂಡಿನ ಮೇಲೆ. ಉಳಿದ ಜಾಗವೆಲ್ಲ ಅಕ್ಕನದು. ಸೂರಿನಿಂದ ಹಗ್ಗ ಕಟ್ಟಿ ಇಳಿಬಿಟ್ಟ ಉದ್ದುದ್ದ ಪ್ಲಾಸ್ಟಿಕ್ ಚೀಲಗಳು. ಅವುಗಳೊಳಗೆ ಬಿಸಿನೀರಿನಲ್ಲಿ ನೆನೆಸಿ ಹಿಂಡಿ ತುಂಬಿದ ಗೋಧಿಹುಲ್ಲು. ಹುಲ್ಲನ್ನು ಹೆಣೆದು ಗಟ್ಟಿಮಾಡಿದ ಬಿಳಿ ಎಳೆಗಳು. ಚೀಲದ ತೂತುಗಳಿಂದ ಕಿವಿಗಳಂತೆ ಹೊರಚಾಚಿದ ಚಿಪ್ಪಣಬೆಗಳು. ಹಿಂಡಿದ ಹುಲ್ಲಿನಲ್ಲಿ ಎಷ್ಟು ತೇವ ಉಳಿದಿರಬೇಕು ಎಂಬುದನ್ನು ಅವಳು ಮುಷ್ಟಿಯಲ್ಲೇ ತಿಳಿಯುತ್ತಿದ್ದಳು. ಬೆರಳ ಸಂದಿಯಲ್ಲಿ ನೀರು ಮೂಡಬೇಕು, ತೊಟ್ಟಿಕ್ಕಬಾರದು. ಹೋಟೆಲಿನವರು ಅವಳ ಅಣಬೆಯನ್ನು ಅಂಗೈಯಲ್ಲಿಟ್ಟು ನೋಡಿ, "ಏನು ಕೈಗುಣ ನಿಮ್ಮದು" ಎನ್ನುತ್ತಿದ್ದರು.

ಆ ಮಾತು ಅವಳಿಗೆ ಹೊಸದಲ್ಲ. ಚಿಕ್ಕಂದಿನಲ್ಲಿ ಅವಳು ಹಳೇ ಡಬ್ಬಿಯಲ್ಲಿ ಚುಚ್ಚಿಟ್ಟ ಕಡ್ಡಿಯೂ ಚಿಗುರುತ್ತಿತ್ತು. ತಂಗಿ ನೀರೆರೆದ ಗಿಡ ನೋಡನೋಡುತ್ತ ತಲೆಬಾಗುತ್ತಿತ್ತು. "ನೀನು ಸ್ವಲ್ಪ ದೂರ ನಿಂತ್ಕೊಳೇ, ಗಿಡ ಹೆದರ್ಕೊಳ್ಳುತ್ತೆ" ಎಂದು ಅಮ್ಮ ತಂಗಿಯನ್ನು ರೇಗಿಸುತ್ತಿದ್ದಳು. ಮನೆಯವರೆಲ್ಲ ನಗುತ್ತಿದ್ದರು, ತಂಗಿಯೂ ನಗುತ್ತಿದ್ದಳು. ಆ ನಗುವಿನ ಬೆಚ್ಚನೆಯಲ್ಲಿ ಅಕ್ಕ ಬೆಳೆದಳು.

ತಂಗಿ ಓದು ಮುಗಿಸಿ ದೊಡ್ಡದೊಂದು ಲಾಂಡ್ರಿಗೆ ಸೇರಿದ್ದಳು. ಇರುವುದು ಅಕ್ಕ ಭಾವನ ಜೊತೆಗೇ. ಹೋಟೆಲು, ಆಸ್ಪತ್ರೆಗಳ ಹಾಸಿಗೆ ಹೊದಿಕೆ, ನೌಕರರ ಯೂನಿಫಾರಂ ಎಲ್ಲ ಆ ಲಾಂಡ್ರಿಗೆ ಬರುತ್ತಿದ್ದವು. ತೊಳೆದ ನೀರು ಚರಂಡಿಗೆ ಹೋಗುವ ಮೊದಲು ಹಾಯುವ ಜಾಲರಿಗಳನ್ನು ನೋಡಿಕೊಳ್ಳುವುದು ಅವಳ ಕೆಲಸ. ಪ್ಲಾಸ್ಟಿಕ್ಕಿನ ದಾರದಿಂದಲೇ ನೇಯ್ದ ಪಾಲಿಯೆಸ್ಟರ್ ಬಟ್ಟೆ ಪ್ರತಿ ಸಲ ತೊಳೆದಾಗಲೂ ಕಣ್ಣಿಗೆ ಕಾಣದಷ್ಟು ನವಿರಾದ ಎಳೆಗಳನ್ನು ಉದುರಿಸುತ್ತದೆ. ಅವೆಲ್ಲ ಜಾಲರಿಯ ಮೇಲೆ ಸೇರಿ ಬೂದು ಕಂಬಳಿಯ ಹಾಗೆ ಹೆಪ್ಪುಗಟ್ಟುತ್ತವೆ. ಲಾಂಡ್ರಿಯವರು ಅದನ್ನು ಜುಂಗು ಎನ್ನುತ್ತಿದ್ದರು. ಎಸೆಯಲು ಜಾಗ ಹುಡುಕುವುದೇ ಒಂದು ತಲೆನೋವಾಗಿತ್ತು. ಒಂದು ಸಂಜೆ ತಂಗಿ ಅದನ್ನು ಬಕೆಟ್ಟಿನಲ್ಲಿ ತುಂಬಿಕೊಂಡು ಮನೆಗೆ ಬಂದಳು.

"ಇದನ್ನ ನಿನ್ನ ಅಣಬೆ ತಿನ್ನುತ್ತಾ ಅಕ್ಕಾ?"

ಅಕ್ಕ ನಕ್ಕುಬಿಟ್ಟಳು. "ಇಷ್ಟು ವರ್ಷದಿಂದ ಪ್ಲಾಸ್ಟಿಕ್ ಚೀಲದೊಳಗೇ ಸಂಸಾರ ಮಾಡ್ತಿದೆ ಕಣೇ. ಒಂದು ದಿನ ಚೀಲಕ್ಕೆ ಬಾಯಿ ಹಾಕಿಲ್ಲ."

"ಹೊಟ್ಟೆ ತುಂಬ ಹುಲ್ಲು ಹಾಕಿ ಕೂರಿಸಿದ್ರೆ ಚೀಲಕ್ಕೆ ಯಾಕೆ ಬಾಯಿ ಹಾಕುತ್ತೆ. ನೀನು ಅದನ್ನ ಹಸಿಯೋಕೆ ಬಿಟ್ಟಿದ್ರೆ ತಾನೆ?"

"ಹಸಿವಾದ್ರೆ ಸಾಯುತ್ತೆ, ಅಷ್ಟೇ."

"ಎಲ್ಲಾ ಸಾಯಲ್ಲ" ಎಂದಳು ತಂಗಿ.

ಅವಳು ಕಂಡುಕೊಂಡ ದಾರಿ ಇಷ್ಟೇ. ಮೊದಲ ಸುತ್ತಿನಲ್ಲಿ ಹುಲ್ಲಿನ ಜೊತೆ ಚಿಟಿಕೆ ಜುಂಗು. ಮುಂದಿನ ಸುತ್ತಿಗೆ ಹುಲ್ಲು ಕಡಿಮೆ, ಜುಂಗು ಹೆಚ್ಚು. ಪ್ರತಿ ಸುತ್ತಿನಲ್ಲೂ ಬಹುಪಾಲು ಚೀಲಗಳು ಹಳದಿಗಟ್ಟಿ ಸತ್ತವು. ಎಲ್ಲಕ್ಕಿಂತ ಹಸಿದ ಚೀಲದಲ್ಲೂ ಒಂದೆರಡು ಎಳೆ ಬದುಕಿದ್ದರೆ, ತಂಗಿ ಅದನ್ನೇ ಬೀಜಕ್ಕೆ ತೆಗೆದುಕೊಂಡು ಮುಂದಿನ ಸುತ್ತು ಹೂಡುತ್ತಿದ್ದಳು. ಮೊದಲ ಬೀಜ ಕೊಟ್ಟವಳು ಅಕ್ಕ. ತಮಾಷೆಗೆಂದು ಕೊಟ್ಟಿದ್ದಳು. ಸತ್ತ ಚೀಲಗಳನ್ನು ತಂಗಿ ಹೊರಗೆ ಹೊತ್ತುಹಾಕುವಾಗ ಅಕ್ಕನಿಗೆ ಅಮ್ಮನ ಮಾತು ನೆನಪಾಗಿ ಹಿತವೆನಿಸುತ್ತಿತ್ತು. ಹಳೇ ತಂಗಿಯೇ ಇವಳು, ಮುಟ್ಟಿದ್ದೆಲ್ಲ ಒಣಗುತ್ತದೆ.

ಆಮೇಲೆ ಸಂಶೋಧನಾ ಸಂಸ್ಥೆಯ ಮೇಡಂ ಬರತೊಡಗಿದರು.

ತಂಗಿ ಅವರಿಗೆ ಯಾವಾಗ ಹೇಳಿಕಳಿಸಿದ್ದಳೋ ಅಕ್ಕನಿಗೆ ಗೊತ್ತಿರಲಿಲ್ಲ. ಚಪ್ಪಲಿ ಬಿಟ್ಟು, ಕೈಗವಸು ಹಾಕಿಕೊಂಡು, ಮೇಡಂ ಶೆಡ್ಡಿನೊಳಗೆ ಬಂದರು. ಅಂದು ಅಕ್ಕನ ಚೀಲಗಳಲ್ಲಿ ಕೊಯ್ಲಿಗೆ ಬಂದ ಅಣಬೆ ಮೇಲಿಂದ ಕೆಳಗಿನ ತನಕ ಗೊಂಚಲುಗೊಂಚಲಾಗಿ ತೂಗುತ್ತಿತ್ತು. ಅಕ್ಕ ಬೇಕೆಂದೇ ಆ ದಿನ ಕೊಯ್ದಿರಲಿಲ್ಲ. ಮೇಡಂ ಅದರ ನಡುವೆ ಬಟ್ಟೆ ಅಂಗಡಿಯ ಸೀರೆಗಳನ್ನು ಸರಿಸಿದಂತೆ ಕೈಯಿಂದ ದಾರಿ ಮಾಡಿಕೊಂಡು ಹಿಂದಿನ ಮೂಲೆಗೆ ಹೋದರು. ಅಲ್ಲಿ ಜುಂಗಿನ ಚೀಲವೊಂದರಲ್ಲಿ, ತಲೆಗೂದಲು ನರೆತಂತೆ, ನಾಲ್ಕು ಬಿಳಿ ಎಳೆ ಇದ್ದವು. ಮೇಡಂ ಅದರ ಮುಂದೆ ಮಂಡಿಯೂರಿ ಕೂತರು.

ಹೊರಡುವಾಗ ಅಕ್ಕನ ಕಡೆ ತಿರುಗಿ, "ಈ ಶೆಡ್ಡು ನಿಮ್ಮದಾ? ಜಾಗ ಕೊಟ್ಟು ದೊಡ್ಡ ಉಪಕಾರ ಮಾಡಿದ್ರಿ" ಎಂದರು. ನಂತರ, "ಒಂದು ಪರದೆ ಹಾಕ್ಸೋಕಾಗುತ್ತಾ? ನಿಮ್ಮ ಕಡೆ ಅಣಬೆಯ ಧೂಳು ಈ ಕಡೆ ಬರಬಾರದು" ಎಂದರು.

ಪರದೆ ತಂದು ಕಟ್ಟಿದವನು ಅಕ್ಕನ ಗಂಡ. ಅಣಬೆ ಸಾಗಿಸುವ ವ್ಯಾನು ಅವನದೇ. ಎಲ್ಲದಕ್ಕೂ ಒಂದು ತಮಾಷೆ ಅವನ ಬಾಯಲ್ಲಿ ಸಿದ್ಧವಾಗಿರುತ್ತಿತ್ತು.

"ನೋಡಮ್ಮಾ ವಿಜ್ಞಾನಿ, ನಿನ್ನ ಅಣಬೆ ನನ್ನ ಹಳೇ ಪ್ಯಾಂಟನ್ನೂ ತಿನ್ನುತ್ತಾ ಕೇಳು. ನಿಮ್ಮಕ್ಕ ಎಸೆಯೋಕೆ ಬಿಡ್ತಿಲ್ಲ."

"ಪಾಲಿಯೆಸ್ಟರ್ ಆದ್ರೆ ತಿನ್ನುತ್ತೆ ಭಾವ. ನಿಮ್ಮ ಬೆವರು ಸಹಿಸ್ಕೊಂಡ್ರೆ."

ಇಬ್ಬರೂ ನಕ್ಕರು. ಅಕ್ಕ ತಟ್ಟೆಗಳನ್ನು ಬೇಕಾದ್ದಕ್ಕಿಂತ ಜೋರಾಗಿ ಜೋಡಿಸಿದಳು.

ಊಟದ ಹೊತ್ತಿನ ಮಾತೆಲ್ಲ ಈಗ ಆ ಮೂಲೆಯ ಮಾತೇ. ಕಳೆದ ಸುತ್ತಿನ ಕೊನೆಯಲ್ಲಿ ಮೇಡಂ ಜುಂಗನ್ನು ಒಣಗಿಸಿ ತೂಗಿದಾಗ ಐದರಲ್ಲೊಂದು ಪಾಲು ಕರಗಿಹೋಗಿತ್ತು. ಮುಂದಿನ ಸುತ್ತಿನಲ್ಲಿ ಹುಲ್ಲೇ ಇಲ್ಲದೆ, ಬರೀ ಜುಂಗಿನ ಮೇಲೆ ಅದು ಬದುಕಿ ಅಷ್ಟೇ ತಿಂದರೆ, ಸಂಸ್ಥೆಯಲ್ಲಿ ತಂಗಿಗೆ ಕೆಲಸ, ಸ್ವಂತದ್ದೊಂದು ಕೋಣೆ. ಅಣಬೆಯೊಳಗೆ ಪ್ಲಾಸ್ಟಿಕ್ಕಿನ ಚೂರೂ ಉಳಿದಿಲ್ಲವೆಂದು ಪರೀಕ್ಷೆಯಲ್ಲಿ ಗೊತ್ತಾದರೆ ಅದನ್ನು ತಿನ್ನಲೂಬಹುದು ಎಂದಿದ್ದರಂತೆ ಮೇಡಂ.

"ಮೊದಲ ಅಣಬೆ ನಾನೇ ಹುರ್ಕೊಂಡು ತಿಂತೀನಿ" ಎಂದಳು ತಂಗಿ. "ಒಂದು ಹಾಸಿಗೆ ಹೊದಿಕೆ ತಿಂದ ಹಾಗೆ."

ಅಕ್ಕ ತಟ್ಟೆಯ ಅನ್ನವನ್ನು ಅಂಚಿಗೆ ಸರಿಸಿದಳು. ಇಷ್ಟು ವರ್ಷ ತಿನ್ನುವ ಅಣಬೆ ಬೆಳೆದವಳು ಅವಳು. ಅವಳ ಅಣಬೆಯನ್ನು ಜನ ತಿಂದು ಮರೆಯುತ್ತಾರೆ. ತಂಗಿಯ ಅಣಬೆಯನ್ನು ತಿನ್ನುವ ಮೊದಲೇ ಜನ ನೋಡಲು ಬರುತ್ತಾರೆ. ಇದರಲ್ಲಿ ಅನ್ಯಾಯ ಎಲ್ಲಿದೆ ಎಂದು ಯಾರಾದರೂ ಕೇಳಿದ್ದರೆ ಅವಳಿಗೆ ತೋರಿಸಲು ಬರುತ್ತಿರಲಿಲ್ಲ. ಹಲ್ಲುನೋವಿಗೆ ಊರಿನ ಎಲ್ಲ ಹಲ್ಲುಗಳ ಲೆಕ್ಕ ಗೊತ್ತಿರುವುದಿಲ್ಲ, ತನ್ನದೊಂದೇ ಗೊತ್ತಿರುತ್ತದೆ.

ಕೊನೆಯ ಸುತ್ತು ಶುರುವಾಯಿತು. ಹುಲ್ಲಿಲ್ಲದ, ಬರೀ ಜುಂಗಿನ ಚೀಲಗಳು. ಎಳೆಗಳು ಹೊರಟವು, ಹರಡಲಾರದೆ ನಿಂತವು. ತಂಗಿ ಬೆಳಗ್ಗೆ ಲಾಂಡ್ರಿಗೆ ಹೋಗುವ ಮೊದಲು ಅವುಗಳ ಮುಂದೆ ನಿಂತು ನೋಡುತ್ತಿದ್ದಳು. ಏನೂ ಮಾಡುತ್ತಿರಲಿಲ್ಲ. ಅಕ್ಕನಿಗೆ ಅದೇ ಸಹಿಸಲಾಗದ ಸಂಗತಿ: ಏನೂ ಮಾಡದಿರುವುದು ಒಂದು ಕೆಲಸವೇ? ಬಿಸಿನೀರಿನಲ್ಲಿ ಕೈ ಬೇಯಿಸಿಕೊಂಡು, ಹುಲ್ಲು ಹಿಂಡಿ ಮಣಿಕಟ್ಟು ಬಾತುಕೊಂಡವಳು ತಾನು.

ಒಂದು ಬೆಳಗ್ಗೆ, ತಂಗಿ ಹೋದ ಮೇಲೆ, ಅಕ್ಕ ಒಂದು ಬೊಗಸೆ ಗೋಧಿ ತೌಡನ್ನು ಬೆಚ್ಚನೆಯ ನೀರಿನಲ್ಲಿ ನೆನೆಸಿ, ಸಕ್ಕರೆ ಸೇರಿಸಿ, ಬಟ್ಟೆಯಲ್ಲಿ ಸೋಸಿ, ಕುದಿಸಿ ಆರಿಸಿದಳು. ಆ ತಿಳಿಯನ್ನು ದಪ್ಪ ಸೂಜಿಯ ಸಿರಿಂಜಿಗೆ ತುಂಬಿಕೊಂಡು ಪರದೆ ಸರಿಸಿದಳು. ಚೀಲದ ಬಾಯಿಗೆ ತುರುಕಿದ ಹತ್ತಿಯ ಮೂಲಕ ಒಂದೊಂದಕ್ಕೂ ಸ್ವಲ್ಪ ಸ್ವಲ್ಪ. ಬಾಣಂತಿಯ ಕೋಣೆಯಲ್ಲಿ ಓಡಾಡುವಂತೆ ಮೆಲ್ಲಗೆ ಹೆಜ್ಜೆಯಿಡುತ್ತಿದ್ದಳು. ಪಾಪ, ಹಸಿದಿವೆ, ಎಂದುಕೊಂಡಳು. ಆ "ಪಾಪ" ಸುಳ್ಳೆಂದು ಅವಳಿಗೆ ಗೊತ್ತಿತ್ತು. ಸಿಹಿ ಸಿಕ್ಕ ಅಣಬೆ ಜುಂಗಿಗೆ ಬಾಯಿ ಹಾಕುವುದಿಲ್ಲ. ಸುತ್ತು ಮುಗಿದಾಗ ಜುಂಗು ಇದ್ದಷ್ಟೇ ತೂಗುತ್ತದೆ. ಸಂಸ್ಥೆಯ ಕೋಣೆ ಇನ್ಯಾರಿಗೋ ಹೋಗುತ್ತದೆ. ತಂಗಿ ಇಲ್ಲೇ ಇರುತ್ತಾಳೆ, ಸತ್ತ ಚೀಲ ಹೊರುತ್ತ. ಯಾರನ್ನೂ ಹೊಡೆಯದೆ, ಏನನ್ನೂ ಕದಿಯದೆ, ಬರೀ ಉಣಿಸಿ ಇದಿಷ್ಟನ್ನೂ ಮಾಡಬಹುದಾಗಿತ್ತು.

ದಿನವೂ ಉಣಿಸಿದಳು.

ಆದರೆ ತೂಗುವ ದಿನ ಬರುವ ಮೊದಲೇ ಅಣಬೆ ಬಂದುಬಿಟ್ಟಿತು. ಚೀಲಗಳು ಒಂದಾದ ಮೇಲೊಂದು ಬೆಳ್ಳಗಾದವು. ತೂತುಗಳಲ್ಲಿ ಗುಂಡುಸೂಜಿ ತಲೆಯಷ್ಟು ಮೊಗ್ಗು ಕಾಣಿಸಿತು. ಮರುದಿನವೇ ಕಿವಿ ಬಿಚ್ಚಿತು. ತಂಗಿ ಅಡುಗೆಮನೆಗೆ ಓಡಿಬಂದು ಅಕ್ಕನ ಒದ್ದೆ ಕೈ ಹಿಡಿದು ಎಳೆದುಕೊಂಡು ಹೋದಳು.

"ನೋಡೇ ಅಕ್ಕಾ. ಬರೀ ಜುಂಗಲ್ಲಿ ಬಂದಿದೆ. ನಿನ್ನ ಅಣಬೆ ಹಂಗೇ ಇದೆ ನೋಡು."

ಅಕ್ಕ ನೋಡಿದಳು. ತನ್ನ ಅಣಬೆಯ ಹಾಗೇ ಇತ್ತು. ದಪ್ಪ ಅಂಚು, ತೊಟ್ಟಿನ ಬುಡದಲ್ಲಿ ನವಿರು ರೋಮ, ಗೊಂಚಲಿನ ತೂಕಕ್ಕೆ ಚೀಲವೇ ಒಂದು ಬದಿಗೆ ವಾಲಿತ್ತು. ಇಂಥ ಗೊಂಚಲು ತನ್ನ ಕಡೆಯಲ್ಲೂ ಈ ವರ್ಷ ಬಂದಿರಲಿಲ್ಲ. ಅವಳ ಎದೆಯಲ್ಲಿ ಮೊದಲು ಎದ್ದದ್ದು ಭಯವಲ್ಲ, ಹೆಮ್ಮೆ. ಇದು ಅವಳನ್ನು ತಬ್ಬಿಬ್ಬುಗೊಳಿಸಿತು.

ಮರುದಿನ ಮೇಡಂ ಕ್ಯಾಮೆರಾ ಹಿಡಿದ ಸಹಾಯಕಿಯೊಂದಿಗೆ ಬಂದರು. ಭಾವ ದೀಪ ಹಿಡಿದು ನಿಂತ. ತಂಗಿ ಹೊಸ ಬಟ್ಟೆ ಹಾಕಿಕೊಂಡಿದ್ದಳು. ಅಕ್ಕ ಪರದೆಯ ಈ ಕಡೆ, ತನ್ನ ಚೀಲಗಳ ನಡುವೆ ನಿಂತಿದ್ದಳು. ಒಳಗಿನಿಂದ ಫೋಟೋ ತೆಗೆಯುವ ಸದ್ದು ಬರುತ್ತಿತ್ತು.

"ಇಷ್ಟು ಬೇಗ ಬರುತ್ತೆ ಅಂತ ನಾನಂತೂ ಅಂದ್ಕೊಂಡಿರಲಿಲ್ಲ" ಎಂದರು ಮೇಡಂ. "ತೂಕ ಆಮೇಲೆ ನೋಡೋಣ. ಇದನ್ನ ಕಣ್ಣಲ್ಲಿ ನೋಡಿದ್ರೇ ಸಾಕು." ಗೊಂಚಲೊಂದನ್ನು ಅಂಗೈಯಿಂದ ಎತ್ತಿ ತೂಗಿ, ತಂಗಿಯ ಭುಜದ ಮೇಲೆ ಇನ್ನೊಂದು ಕೈಯಿಟ್ಟು ಹೇಳಿದರು: "ಏನು ಕೈಗುಣ ರೀ ನಿಮ್ಮದು."

ಪರದೆ ಸರಿಯಿತು.

"ಅದು ನನ್ನದು" ಎಂದಳು ಅಕ್ಕ.

ಎಲ್ಲರೂ ತಿರುಗಿದರು. ಅವಳು ಬೀಜದ ಬಗ್ಗೆ ಹೇಳುತ್ತಿದ್ದಾಳೆ ಎಂದುಕೊಂಡ ಮೇಡಂ ನಕ್ಕರು. "ಗೊತ್ತು, ಗೊತ್ತು, ಮೂಲ ಬೀಜ ನೀವೇ ಕೊಟ್ಟಿದ್ದಂತೆ."

"ಬೀಜ ಅಲ್ಲ. ಅಣಬೆ. ಇವೆಲ್ಲ ನಾನು ಬೆಳೆದಿದ್ದು. ಅವಳ ಕೈಯಲ್ಲಿ ಜನ್ಮದಲ್ಲಿ ಹೀಗೆ ಬರಲ್ಲ. ದಿನಾ ತೌಡಿನ ನೀರು ಕೊಟ್ಟಿದ್ದೀನಿ, ಸಕ್ಕರೆ ಹಾಕಿ. ಕೇಳಿ ಬೇಕಾದ್ರೆ, ಯಾವ ಚೀಲಕ್ಕೆ ಎಷ್ಟು ಅಂತ ಹೇಳ್ತೀನಿ."

ಹೇಳುವಾಗ ಅವಳ ದನಿಯಲ್ಲಿ ತಪ್ಪೊಪ್ಪಿಕೊಳ್ಳುವವರ ಅಳುಕಿರಲಿಲ್ಲ. ಕಳೆದುಹೋದ ಬುಟ್ಟಿಯನ್ನು ಬೇರೆಯವರ ಕೈಯಲ್ಲಿ ಕಂಡವಳ ಗಡಸಿತ್ತು. ಮಾತು ಮುಗಿದ ಮೇಲೆಯೇ, ತಾನು ಏನನ್ನು ತನ್ನದೆಂದು ಹೇಳಿಕೊಂಡೆ ಎಂಬುದು ಅವಳ ಕಿವಿಗೂ ಬಿತ್ತು.

ಭಾವ ದೀಪ ಆರಿಸಿದ. ಮೊದಲ ಬಾರಿಗೆ ಅವನ ಬಾಯಲ್ಲಿ ತಮಾಷೆ ಇರಲಿಲ್ಲ.

ಮೇಡಂ ಗೊಂಚಲಿನಿಂದ ಕೈ ತೆಗೆದರು. "ಹಾಗಾದ್ರೆ ಈ ಸುತ್ತು ಲೆಕ್ಕಕ್ಕಿಲ್ಲ" ಎಂದರು ಮೆಲ್ಲಗೆ. "ಹಿಂದಿನ ಸುತ್ತಿನ ಬೀಜ ನನ್ನ ಫ್ರಿಜ್ಜಲ್ಲಿ ಸ್ವಲ್ಪ ಉಳಿದಿದೆ. ಕೆಲಸದ ಮಾತು ಈ ಸಲಕ್ಕೆ ಆಗಲ್ಲಮ್ಮಾ. ಮುಂದಿನ ಸಲಕ್ಕೆ ಅವರು ಕಾಯ್ತಾರೋ ಇಲ್ವೋ, ನನ್ನ ಕೈಲಿಲ್ಲ."

ಅವರು ಹೋದ ಮೇಲೆ ತಂಗಿ ಸ್ಟ್ಯಾಂಡಿನ ಮುಂದೆ ಬಹಳ ಹೊತ್ತು ನಿಂತಿದ್ದಳು. ಅಕ್ಕ ಬೈಗುಳಕ್ಕೆ ಕಾದಳು. ಬೈದಿದ್ದರೆ ಉತ್ತರ ಕೊಡಬಹುದಿತ್ತು.

"ಕೋಪಾನಾ ನನ್ನ ಮೇಲೆ?" ಕೊನೆಗೆ ತಂಗಿ ಕೇಳಿದಳು.

"ಕೋಪ ಅಲ್ಲ."

"ಮತ್ತೇನು?"

ಅಕ್ಕ ಬಾಯಿ ತೆರೆದಳು. ಆ ಮಾತು ಎಲ್ಲರಿಗೂ ಗೊತ್ತಿರುವ ಮಾತೇ. ಬಾಯಿಂದ ಹೊರಗೆ ಬರಲಿಲ್ಲ.

"ಹೋಗ್ಲಿ ಬಿಡು" ಎಂದಳು ತಂಗಿ. "ನಿನ್ನವೇ ಅಂದ್ಯಲ್ಲ. ನೀನೇ ಇಟ್ಕೋ."

ಆ ವಾರವೇ ಅವಳು ಲಾಂಡ್ರಿಯ ಹಿಂದಿನ ಸಾಮಾನು ಕೋಣೆಗೆ ಸ್ಟ್ಯಾಂಡನ್ನು ಸಾಗಿಸಿದಳು. ತಾನೂ ಅದರ ಹತ್ತಿರವೇ ಒಂದು ಬಾಡಿಗೆ ಕೋಣೆ ನೋಡಿಕೊಂಡಳು. ಸಾಮಾನು ಹೊತ್ತದ್ದು ಭಾವನ ವ್ಯಾನು. ಕೊಬ್ಬಿದ ಚೀಲಗಳನ್ನು ಅವಳು ಮುಟ್ಟಲೂ ಇಲ್ಲ. ಅಕ್ಕ ಅಣಬೆಯನ್ನೆಲ್ಲ ಕಿತ್ತು ಹೂತಳು. ಪರೀಕ್ಷೆಯಾಗದ ಅಣಬೆಯನ್ನು ಮಾರುವಷ್ಟು ಕೆಟ್ಟವಳಲ್ಲ ಅವಳು. ಚೀಲಗಳನ್ನೂ ಹೊರಗೆಸೆದಳು, ಒಂದನ್ನು ಬಿಟ್ಟು.

ಯಾಕೆ ಇಟ್ಟುಕೊಂಡಳೆಂದು ಅವಳೇ ಯೋಚಿಸಲಿಲ್ಲ. ಅದೇ ಮೂಲೆಯಲ್ಲಿ ನೇತುಹಾಕಿದಳು. ಉಣಿಸುವುದನ್ನು ನಿಲ್ಲಿಸಿದಳು. ತಂಗಿ ಮಾಡಿದ್ದನ್ನು, ಅಂದರೆ ಏನನ್ನೂ ಮಾಡದಿರುವುದನ್ನು, ತಾನೂ ಮಾಡಿ ನೋಡಬೇಕಿತ್ತು. ಅದರಲ್ಲೇನು ಮಹಾ ಇದೆ ಎಂದು ಸಾಬೀತಾಗಬೇಕಿತ್ತು.

ಆಗಲಿಲ್ಲ. ಸಿಹಿ ಮುಗಿದ ಮೇಲೆ ಚೀಲ ಹಳದಿಗಟ್ಟತೊಡಗಿತು; ಎಳೆಗಳು ಕುಗ್ಗಿದವು. ಪಕ್ಕದಲ್ಲೇ ತೌಡಿನ ಮೂಟೆ. ಅಕ್ಕನ ಕೈ ತನ್ನಷ್ಟಕ್ಕೆ ಅದರತ್ತ ಹೋಗುತ್ತಿತ್ತು. ಬೇರೆ ಚೀಲಗಳಿಗೆ ನೀರು ಚಿಮುಕಿಸುತ್ತ ಬಂದಾಗ ಅದನ್ನೊಂದನ್ನು ದಾಟಿಹೋಗುವುದು, ಅಳುವ ಮಗುವನ್ನು ದಾಟಿಹೋದಂತೆ, ಬೆನ್ನಿಗೆ ಹತ್ತಿಕೊಂಡು ಬರುತ್ತಿತ್ತು. ತಂಗಿ ದಿನವೂ ಬೆಳಗ್ಗೆ ಇದನ್ನು ಹೇಗೆ ಮಾಡುತ್ತಿದ್ದಳು? ಕಲ್ಲಿನಂಥ ಎದೆ ಇರಬೇಕು ಎಂದುಕೊಂಡಿದ್ದಳು. ಈಗ ಅನುಮಾನ ಬಂತು. ಆ ಅನುಮಾನಕ್ಕೂ ಹೊಟ್ಟೆ ಉರಿಯಿತು: ಇಂಥ ಕಷ್ಟವನ್ನೂ ಅವಳೇ ಮೊದಲು ಪಟ್ಟಿದ್ದಾಳೆ.

"ರೀ, ಆ ತೌಡಿನ ಮೂಟೆ ವ್ಯಾನಲ್ಲಿ ಹಾಕಿ ಬೀಗ ಹಾಕ್ಕೊಳ್ಳಿ" ಎಂದಳು ಗಂಡನಿಗೆ.

"ಯಾಕೆ, ಇಲಿ ಕಾಟಾನಾ?"

"ಹೂಂ."

"ಎಷ್ಟು ದೊಡ್ಡ ಇಲಿ?" ಎಂದ ಅವನು, ಅವಳನ್ನು ಮೇಲಿಂದ ಕೆಳಗೆ ನೋಡಿ. ಮೂಟೆ ಎತ್ತಿಕೊಂಡು ಹೋದ.

ಚೀಲ ಸತ್ತಿತು ಎಂದು ಅವಳು ಕೈಚೆಲ್ಲಿದ ಮೇಲೆ, ಒಂದು ಮಧ್ಯಾಹ್ನ, ಜುಂಗಿನ ಮುದ್ದೆಯ ನಡುವಿನಿಂದ ಹೊಸ ಬಿಳುಪೊಂದು ಹೊರಟಿತು. ಮೊದಲಿನ ಬಿಳುಪಲ್ಲ ಅದು. ತೆಳುವಾಗಿ, ಬಿಗಿಯಾಗಿ, ಹಿಡಿದದ್ದನ್ನು ಬಿಡದ ಹಾಗಿತ್ತು. ಕೆಲವು ವಾರಗಳಲ್ಲಿ ಜುಂಗು ಚೀಲದ ತಳಕ್ಕೆ ಕುಸಿಯಿತು. ಅಕ್ಕ ಅದನ್ನು ನೋಡಿ ಬಂದು ಅಡುಗೆಮನೆಯಲ್ಲಿ ಕೂತಳು, ಎದ್ದಳು, ಮತ್ತೆ ಹೋಗಿ ನೋಡಿದಳು. ಗಂಡನಿಗೆ ತೋರಿಸಬಹುದಿತ್ತು. ಮೇಡಂಗೆ ಫೋನ್ ಮಾಡಬಹುದಿತ್ತು. ಅವರಿಬ್ಬರೂ ನೋಡಿ ಏನು ಪ್ರಯೋಜನ? ಇದು ಏನೆಂದು ಪೂರ್ತಿ ಗೊತ್ತಿರುವವಳು, ಇದನ್ನು ನೋಡಿ ನೋಯಬಲ್ಲವಳು ಒಬ್ಬಳೇ.

ಚೀಲವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಅವಳು ಲಾಂಡ್ರಿಗೆ ಹೋದಳು.

ಸಾಮಾನು ಕೋಣೆಯಲ್ಲಿ ಸಾಬೂನಿನ ಬಿಸಿ ವಾಸನೆ, ಗೋಡೆಯಾಚೆ ಯಂತ್ರಗಳ ಗುಡುಗುಡು. ತಂಗಿ ಎದ್ದು ನಿಂತಳು. ಅವಳ ಹಿಂದೆ ಸ್ಟ್ಯಾಂಡಿನ ಮೇಲೆ, ಮೇಡಂ ಕೊಟ್ಟ ಬೀಜದಿಂದ ಹೊಸದಾಗಿ ಹೂಡಿದ ಚೀಲಗಳ ಸಾಲು. ಎಲ್ಲವೂ ಬೂದು. ಒಂದರಲ್ಲೂ ಬಿಳುಪು ಹರಡಿರಲಿಲ್ಲ. ಅಕ್ಕನ ಮೈಯಲ್ಲಿ ಸಣ್ಣದೊಂದು ಖುಷಿ ಹರಿದಾಡಿತು. ಅವಳು ಅದನ್ನು ತಡೆಯಲೂ ಇಲ್ಲ.

"ಏನದು?"

ಅಕ್ಕ ಟವೆಲ್ ಬಿಚ್ಚಿದಳು. ತಂಗಿ ಚೀಲವನ್ನು ಟ್ಯೂಬ್‌ಲೈಟಿಗೆ ಹಿಡಿದು ತಿರುಗಿಸಿ ನೋಡಿದಳು. ಮೂಸಿದಳು.

"ತೌಡು ಹಾಕಿದ್ದೀಯ."

"ಇಲ್ಲ."

"ಹಾಕದೆ ಹೀಗೆ ಬರಲ್ಲ ಅಕ್ಕಾ."

"ನೀನು ಮನೆ ಬಿಟ್ಟು ಬಂದ್ಮೇಲೆ ಒಂದು ಹನಿ ಹಾಕಿಲ್ಲ ಕಣೇ. ಮೂಟೇನೇ ಮನೆಯಲ್ಲಿಲ್ಲ. ಬೇಕಾದ್ರೆ ನಿಮ್ಮ ಭಾವನ್ನ ಕೇಳು."

"ಭಾವ ನೀನು ಹೇಳ್ಕೊಟ್ಟಿದ್ದನ್ನ ಹೇಳ್ತಾರೆ."

ಒಮ್ಮೆ ತಾನೇ ಹೆಮ್ಮೆಯಿಂದ ಹೇಳಿಕೊಂಡಿದ್ದನ್ನು ಈಗ ಯಾವ ಬಾಯಿಂದ ಅಲ್ಲಗಳೆಯುವುದು? ತಂಗಿ ಚೀಲದ ಬಾಯಿ ಬಿಚ್ಚಿ ಒಂದು ಎಸಳು ಜುಂಗನ್ನು ಚಿವುಟಿ ಬೆರಳುಗಳ ನಡುವೆ ಉಜ್ಜಿದಳು. ಪಾಲಿಯೆಸ್ಟರ್ ಎಳೆ ಎಷ್ಟು ಉಜ್ಜಿದರೂ ಎಳೆಯಾಗಿಯೇ ಉಳಿಯುತ್ತದೆ. ಇದು ಪುಡಿಯಾಯಿತು. ಇನ್ನೊಂದು ಎಸಳು ಚಿವುಟಿದಳು. ಅದೂ ಪುಡಿಯಾಯಿತು.

ತಂಗಿ ತಲೆ ಎತ್ತಲಿಲ್ಲ. ಆದರೆ ಅವಳ ಕೆನ್ನೆ ಒಳಗೆ ಹೀರಿಕೊಂಡಂತಾಗಿ, ತುಟಿಯ ಸುತ್ತ ಬಣ್ಣ ಇಳಿದದ್ದು ಅಕ್ಕನಿಗೆ ಕಂಡಿತು. ಆ ಮುಖ ಅಕ್ಕನಿಗೆ ಒಳಗಿನಿಂದ ಗೊತ್ತಿತ್ತು. ಹೊರಗಿನಿಂದ ನೋಡಿದ್ದು ಇದೇ ಮೊದಲು.

"ಇಲ್ಲೇ ಇಟ್ಟು ಹೋಗು" ಎಂದಳು ತಂಗಿ. "ಒಣಗಿಸಿ ತೂಗ್ಬೇಕು. ನಾಳೆ ಹೇಳ್ತೀನಿ."

"ನಾಳೆ ತನಕ ಇಲ್ಲೇ ಇರುತ್ತಾ?"

"ಮತ್ತೆಲ್ಲಿಗೆ ಹೋಗುತ್ತೆ? ನಾನೇನು ಮಾಡ್ಬಿಡ್ತೀನಿ ಅದಕ್ಕೆ?"

ಅಕ್ಕ ಕೋಣೆಯಲ್ಲಿದ್ದ ಒಂದೇ ಸ್ಟೂಲನ್ನು ತೂಕದ ಯಂತ್ರದ ಪಕ್ಕಕ್ಕೆ ಎಳೆದುಕೊಂಡು, ತಂಗಿಯ ಕೈಯಿಂದ ಚೀಲ ತೆಗೆದುಕೊಂಡು, ತೊಡೆಯ ಮೇಲಿಟ್ಟುಕೊಂಡು ಕೂತಳು.

"ಈಗಲೇ ಒಣಗಿಸು" ಎಂದಳು. "ನಾನು ನೋಡ್ತಾ ಕೂತಿರ್ತೀನಿ."

ತಂಗಿ ಒಂದು ಬಕೆಟ್ ಬೋರಲು ಹಾಕಿ, ಅವಳ ಎದುರಿಗೆ ಕೂತಳು.